ದ್ವೀಪದ ಹೆಸರುಗಳಿಗೆ ಸಾಕ್ಷಿ ಬೇಕಂತೆ

ನಮ್ಮ ದ್ವೀಪದಲ್ಲಿ ಹೆಸರಿಲ್ಲದ ಕಲ್ಲಿಲ್ಲ, ಅರ್ಥ ಗೊತ್ತಿರುವ ಹೆಸರಿಲ್ಲ. ಅದಕ್ಕೇ ಇಲ್ಲಿ ನಾನೀಗ ಹೇಳಹೊರಟಂಥವು ವಾರಕ್ಕೊಂದಾದರೂ ಆಗುತ್ತವೆ. ಆಗದಿದ್ದ ವಾರ ನನಗೆ ತಲೆನೋವು ಬರುತ್ತದೆ.

ದ್ವೀಪ ಅಂದರೆ ದೊಡ್ಡದೇನಲ್ಲ. ಕೆಂಪು ಸಮುದ್ರದ ನಡುವೆ ಯಾರೋ ಚೀಪಿ ಎಸೆದ ಎಲುಬಿನ ಹಾಗೆ ಬೆಳ್ಳಗೆ ಬಿದ್ದಿದೆ. ದಡದ ಊರಿನಿಂದ ಹಡಗಿನಲ್ಲಿ ಒಂದು ಗಂಟೆ. ನೆಲವೆಲ್ಲ ಹವಳದ ಕಲ್ಲು. ನಡೆದರೆ ಕಾಲ ಕೆಳಗೆ ಟೊಳ್ಳು ಶಬ್ದ ಬರುತ್ತದೆ, ನಾವು ಯಾರದೋ ಮನೆಯ ತಾರಸಿಯ ಮೇಲೆ ಓಡಾಡುತ್ತಿರುವ ಹಾಗೆ. ನಮ್ಮವರು, ಅಂದರೆ ನನ್ನ ಗಂಡ, ಉಳ್ಳಾಲದ ಕಡೆಯಿಂದ ಬಂದು ಇಲ್ಲಿ ಟೈಲರ್ ಅಂಗಡಿ ಇಟ್ಟು ಮೂವತ್ತು ವರ್ಷದ ಮೇಲಾಯಿತು. ಗಂಡಸು ಟೈಲರ್ ಹೆಂಗಸರ ಅಳತೆ ತೆಗೆಯುವಂತಿಲ್ಲವಲ್ಲ, ಹಾಗಾಗಿ ಟೇಪು ಹಿಡಿದು ಮನೆಮನೆಗೆ ಹೋಗುವುದು ನನ್ನ ಕೆಲಸ. ಟೇಪು ಸೊಂಟಕ್ಕೆ ಸುತ್ತಿದ ಕೂಡಲೇ ಹೆಂಗಸರ ಬಾಯಿ ಯಾಕೆ ಬಿಚ್ಚಿಕೊಳ್ಳುತ್ತದೋ ನನಗೆ ಗೊತ್ತಿಲ್ಲ. ನಾನಾಗಿ ಏನೂ ಕೇಳುವುದಿಲ್ಲ. ಉಸಿರು ಬಿಡಿ ಅನ್ನುತ್ತೇನೆ, ಅವರು ಉಸಿರಿನ ಜೊತೆ ಉಳಿದದ್ದನ್ನೂ ಬಿಡುತ್ತಾರೆ.

ಈಗ ನಮ್ಮ ಅಳಿಯನ ವಿಷಯ. ಜಿದ್ದಾದ ಆಚೆಯ ರಾಬಿಗ್‌ನ ಕೆಲಸ ಮುಗಿದ ಮೇಲೆ ಅವನು ಒಂದು ಬೋರ್ಡು ಕಂಪನಿಗೆ ಸೇರಿದ. ದ್ವೀಪ ನೋಡಲು ಜನ ಬರುತ್ತಾರೆಂದು ಇಲ್ಲಿನ ಒಂದೊಂದು ದಾರಿ, ಬಾವಿ, ಕೊಲ್ಲಿಗೂ ಹೆಸರಿನ ಬೋರ್ಡು ಹಾಕುವ ಕೆಲಸ. ಕಂಪನಿಯವರು ಅವನನ್ನು ಇಲ್ಲಿಗೇ ಹಾಕಿದರು, ಮಗಳೂ ಅವನೂ ನಮ್ಮ ಮನೆಗೇ ಬಂದರು. ಕೆಲಸ ಸುಲಭ ಎಂದುಕೊಂಡಿದ್ದೆವು. ಆಮೇಲೆ ಆಫೀಸಿನಿಂದ ಕಾಗದ ಬಂತು. ಪ್ರತಿ ಹೆಸರಿಗೂ ಈ ದ್ವೀಪದಲ್ಲೇ ಹುಟ್ಟಿದ ಒಬ್ಬ ಸಾಕ್ಷಿ ಬೇಕಂತೆ, ಹೆಸರಿನ ಅರ್ಥವನ್ನೋ ಕತೆಯನ್ನೋ ಬರೆಯಬೇಕಂತೆ. ಈಚೆಗೆ ಕೆಲಸಕ್ಕೆ ಬಂದ ಪರದೇಶಿಗಳು ಇಟ್ಟ ಹೆಸರಾದರೆ ಹೊಡೆದು ಹಾಕಬೇಕಂತೆ. ಕೊನೆಗೆ ಜಿದ್ದಾದಿಂದ ಒಬ್ಬ ಇನ್‌ಸ್ಪೆಕ್ಟರ್ ಬಂದು ಪಟ್ಟಿ ನೋಡುತ್ತಾನೆ. ಅವನು ಸಹಿ ಹಾಕಿದರೆ ಅಳಿಯನ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಮುಂದುವರಿಯುತ್ತದೆ. ಹಾಕದಿದ್ದರೆ ಎಕ್ಸಿಟ್, ಗಂಟುಮೂಟೆ ಕಟ್ಟಬೇಕು. ಅವನು ಹೋದರೆ ಮಗಳೂ ಹೋಗುತ್ತಾಳೆ. ನಮ್ಮವರು ದಿನಕ್ಕೆ ನಾಲ್ಕು ಮಾತಾಡುವವರು, ಅದರಲ್ಲಿ ಮೂರು "ಹೂಂ". ಮಗಳು ಹೋದರೆ ಇನ್ನು ನಾನು ಜಗಳಾಡುವುದು ಯಾರ ಹತ್ತಿರ?

ಅಳಿಯನಿಗೆ ಅರಬ್ಬಿ ಆಫೀಸಿಗೆ ಬೇಕಾದಷ್ಟು ಬರುತ್ತದೆ, ಅಜ್ಜಿಯರಿಗೆ ಬೇಕಾದಷ್ಟು ಬರುವುದಿಲ್ಲ. ಅಜ್ಜಿಯರು ಇರುವ ಕೋಣೆಗೆ ಅವನು ಕಾಲಿಡುವ ಹಾಗೂ ಇಲ್ಲ. ಹೀಗೆ ಅವನು ಪೆನ್ನಾದ, ನಾನು ಬಾಯಾದೆ.

೧. ತಿರುಗಿ ನೋಡಬಾರದ ದಾರಿ

ಬಂದರಿನಿಂದ ಊರಿಗೆ ಬರುವಾಗ ಎರಡು ಕಲ್ಲುಗೋಡೆಗಳ ನಡುವೆ ಇಕ್ಕಟ್ಟಾದ ದಾರಿ ಉಂಟು. ಅದರ ಹೆಸರೇ "ತಿರುಗಬೇಡ". ನಡುಮಧ್ಯಾಹ್ನ ಅಲ್ಲಿ ಹೋಗುವಾಗ ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆಯುತ್ತಾರೆ, ತಿರುಗಬಾರದು ಎಂದು ಇಲ್ಲಿಯವರು ಹೇಳುತ್ತಾರೆ. ತಿರುಗಿದರೆ ಎಂತ ಆಗ್ತದೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ತಿರುಗಿದವರು ಬಂದು ಹೇಳಿಲ್ಲವಂತೆ.

ನಮ್ಮವರು ಅಂಗಡಿಗೆಂದು ಜಿದ್ದಾದಿಂದ ಒಂದು ಗೊಂಬೆ ತರಿಸಿದ್ದರು, ಬಟ್ಟೆ ತೊಡಿಸಿ ನಿಲ್ಲಿಸುವ ಆಳೆತ್ತರದ ಗೊಂಬೆ. ಅಳಿಯ ಕಂಪನಿಯ ಪಿಕಪ್ಪಿನಲ್ಲಿ ತರಲು ಹೋದ. ಡಬ್ಬದಲ್ಲಿ ಬರುತ್ತದೆ ಎಂದು ಅವನ ಎಣಿಕೆ. ಅವನು ಒಳಗೆ ಕಾಗದಕ್ಕೆ ಸಹಿ ಹಾಕುತ್ತಿರುವಾಗ ಬಂದರಿನ ಕೂಲಿಯವರು ಗೊಂಬೆಯನ್ನು ಒಡೆದುಹೋದ ಡಬ್ಬದಿಂದ ತೆಗೆದು, ಧೂಳಾಗದಿರಲೆಂದು ಅದಕ್ಕೆ ಹೆಂಗಸರ ಕರಿ ನಿಲುವಂಗಿ, ಅಬಾಯಾ, ಹೊದಿಸಿ, ಪಿಕಪ್ಪಿನ ಹಿಂದೆ ಹಗ್ಗದಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಅಳಿಯ ಅದನ್ನು ನೋಡದೆ ಹತ್ತಿ ಹೊರಟ.

ಆ ದಾರಿಯ ನಡುವೆ ಎದುರಿನಿಂದ ನೀರಿನ ಟ್ಯಾಂಕರು ಬಂತು. ಒಬ್ಬರು ಹಿಂದೆ ಹೋಗಬೇಕು. ಟ್ಯಾಂಕರಿನ ಪಠಾಣ ಕೈ ಬೀಸಿದ, ನೀನೇ ಹೋಗು ಎಂದು. ಸರಿಯಾಗಿ ನಡುಮಧ್ಯಾಹ್ನ. ಅಳಿಯ ಇಂಜಿನಿಯರಿಂಗ್ ಓದಿದವನು, ಇದನ್ನೆಲ್ಲ ನಂಬುವುದಿಲ್ಲ. ಆದರೂ ಸುಮ್ಮನೆ ಯಾಕೆ ಎಂದು ತಿರುಗದೆ ಕನ್ನಡಿಯಲ್ಲಿ ನೋಡಿಕೊಂಡು ಹಿಂದೆ ಹೋದನಂತೆ. ಕನ್ನಡಿಯಲ್ಲಿ ಕರಿ ಬಟ್ಟೆಯ ಹೆಂಗಸು. ಅವನ ಬೆನ್ನಿಗೇ ನಿಂತಿದ್ದಾಳೆ. ಮೆಲ್ಲಗೆ ಆ ಕಡೆ ಈ ಕಡೆ ವಾಲುತ್ತಿದ್ದಾಳೆ. ತಲೆ ಇಲ್ಲ.

ಪಿಕಪ್ಪನ್ನು ಅಲ್ಲೇ ಬಿಟ್ಟು ಅವನು ಓಡಿ ಟ್ಯಾಂಕರಿಗೆ ಹತ್ತಿದ. ಪಠಾಣ ಎಂತ ಆಯ್ತು ಎಂದು ಎದುರಿಗೆ ನೋಡಿದ, ಅವನಿಗೂ ಕಂಡಿತು. ಇಬ್ಬರೂ ಗಾಜು ಏರಿಸಿ, ಗೊತ್ತಿದ್ದ ಪ್ರಾರ್ಥನೆಯನ್ನೆಲ್ಲ ಓದುತ್ತಾ ಕೂತರು. ಹಿಂದೆ ಬಂದ ಗಾಡಿಯವರು ಇಳಿದು ಹೋಗಿ ಹಗ್ಗ ಬಿಚ್ಚಿ, ಇದು ಅಂಗಡಿಯ ತಲೆಯಿಲ್ಲದ ಗೊಂಬೆ ಎಂದು ತೋರಿಸುವವರೆಗೂ ಕೂತೇ ಇದ್ದರು.

ಸಂಜೆ ನಾನು ಒಂದು ಮನೆಗೆ ಅಳತೆಗೆ ಹೋದೆ. ಟೇಪು ಇನ್ನೂ ಬಿಚ್ಚಿರಲಿಲ್ಲ.

"ನಿನ್ನ ಅಳಿಯ ಪಿಕಪ್ಪಿನಲ್ಲಿ ಯಾರೋ ಹೆಂಗಸನ್ನು ಕರೆದುಕೊಂಡು ಬಂದನಂತೆ," ಎಂದಳು ಮನೆಯೊಡತಿ.

"ಆ ಹೆಂಗಸಿಗೆ ತಲೆ ಇರಲಿಲ್ಲ, ಅದನ್ನು ನಿನಗೆ ಯಾರೂ ಹೇಳಲಿಲ್ಲವಾ?" ಎಂದೆ.

"ಹೇಳಿದರು," ಎಂದಳು ಅವಳು. "ತಲೆ ಇದ್ದವಳು ಮದುವೆಯಾದ ಗಂಡಸಿನ ಗಾಡಿ ಹತ್ತುತ್ತಾಳಾ?"

೨. ಸಲಾಮಿನ ಬಾವಿ

ಊರಿನ ತೆಂಕು ಕೊನೆಯಲ್ಲಿ ಒಂದು ಹಳೆ ಬಾವಿ. ಬಗ್ಗಿ ಸಲಾಂ ಹೇಳಿದರೆ ಒಳಗಿನಿಂದ ಸಲಾಂ ತಿರುಗಿ ಬರುತ್ತದೆ. ನಮ್ಮ ಸ್ವರವೇ ತಿರುಗಿ ಬಂದದ್ದು ಎಂದು ಹೇಳಬಹುದು, ನಾನೂ ಹಾಗೇ ಹೇಳುತ್ತಿದ್ದೆ. ಆದರೆ ನಾನು ಹೇಳಿದ್ದಕ್ಕಿಂತ ಅದು ಸ್ವಲ್ಪ ನಿಧಾನವಾಗಿ, ಸ್ವಲ್ಪ ಮರ್ಯಾದೆಯಿಂದ ಹೇಳಿತು. ಬಾವಿ ಉತ್ತರ ಕೊಡದಿದ್ದರೆ ಆ ಮನುಷ್ಯ ವರ್ಷ ದಾಟುವುದಿಲ್ಲ ಎಂದು ಇಲ್ಲಿಯ ನಂಬಿಕೆ.

ಈ ಹೆಸರಿಗೆ ಸಾಕ್ಷಿಯಾಗಲು ಮುಂದೆ ಬಂದವಳು ದೋಣಿ ಯಜಮಾನನ ಎರಡನೇ ಹೆಂಡತಿ. ಅವಳದು ಬಾಯಿ ದೊಡ್ಡದು, ನಾನೇ ಹೇಳಬೇಕಾದರೆ ಎಷ್ಟು ದೊಡ್ಡದಿರಬೇಕು ನೋಡಿ. "ಬಾ, ನಿನ್ನೆದುರೇ ಹೇಳಿ ತೋರಿಸುತ್ತೇನೆ," ಎಂದು ಕರೆದುಕೊಂಡು ಹೋದಳು. ಮೊದಲ ಹೆಂಡತಿಯೂ ಜೊತೆಗೆ ಬಂದಳು. ಅಳಿಯ ದೂರ ನಿಂತು ಕಾಗದ ಹಿಡಿದಿದ್ದ.

ಅವಳು ಬಗ್ಗಿ ಸಲಾಂ ಹೇಳಿದಳು. ಬಾವಿ ಸುಮ್ಮನಿತ್ತು. ಇನ್ನೊಮ್ಮೆ ಹೇಳಿದಳು. ಗಾಳಿಯೂ ಇರಲಿಲ್ಲ, ಒಂದು ನೊಣದ ಶಬ್ದವೂ ಇರಲಿಲ್ಲ. ಮೂರನೇ ಸಲ ಕಿರುಚಿಯೇ ಹೇಳಿದಳು. ಕೆಳಗೆ ಕತ್ತಲೆ ಬಾಯಿ ಮುಚ್ಚಿಕೊಂಡು ಅವಳನ್ನೇ ನೋಡುತ್ತಿದ್ದ ಹಾಗೆ ಕಂಡಿತು.

ಅವಳು ಅಲ್ಲೇ ಕುಸಿದು ಮೊದಲ ಹೆಂಡತಿಯ ಕಾಲು ಹಿಡಿದಳು. "ಅಕ್ಕಾ, ನಾನು ಹೋಗುವವಳು, ನನ್ನನ್ನು ಕ್ಷಮಿಸು. ಏಳು ವರ್ಷದಿಂದ ನೀನು ಬಟ್ಟೆ ಹೊಲಿಯಲು ಕೊಟ್ಟಾಗಲೆಲ್ಲ ಅರ್ಧ ಇಂಚು ಬಿಗಿ ಮಾಡಿಸಿದ್ದು ನಾನು. ನೀನು ದಪ್ಪ ಆಗಲೇ ಇಲ್ಲ ಅಕ್ಕಾ."

ಆ ಹೆಂಗಸು ಏಳು ವರ್ಷದಿಂದ ಸೌತೆಕಾಯಿ, ಮೊಸರು ಬಿಟ್ಟು ಬೇರೆ ಊಟ ಕಂಡವಳಲ್ಲ. ಅವಳು ತಂಗಿಯ ತಲೆ ಸವರಿದಳು. ಸಾಯುವವಳ ಮೇಲೆ ಸಿಟ್ಟು ಮಾಡುವುದು ಹೇಗೆ? ಆಮೇಲೆ ಮೆಲ್ಲಗೆ ಕತ್ತು ತಿರುಗಿಸಿ, ಟೇಪು ಹಿಡಿದ ನನ್ನನ್ನು ನೋಡಿದಳು.

ಅಷ್ಟರಲ್ಲಿ ಅಳಿಯ ಓಡಿ ಬಂದು ಹೇಳಿದ, "ಮಾಮಿ, ಆಡು ಬೀಳ್ತದೆ ಅಂತ ಮುನಿಸಿಪಾಲಿಟಿಯವರು ಮೊನ್ನೆ ಬಾವಿಯೊಳಗೆ ಹಲಗೆ ಹಾಕಿ ಮುಚ್ಚಿದ್ದಾರೆ. ಸ್ವರ ಕೆಳಗೆ ಹೋಗುದೇ ಇಲ್ಲ."

ಎರಡನೇ ಹೆಂಡತಿ ಬದುಕಿದಳು, ಈಗಲೂ ಗಟ್ಟಿಯಾಗಿದ್ದಾಳೆ. ಆ ಬಾವಿಯ ಹತ್ತಿರ ಅಂದು ಸಾವಿಗೆ ಹತ್ತಿರವಾಗಿದ್ದದ್ದು ನಾನೊಬ್ಬಳೇ.

೩. ಹಸಿರು ಬಾಗಿಲಿನವಳು

ದ್ವೀಪದ ಆಚೆ ಬದಿಯಲ್ಲಿ ಖರ್ಜೂರದ ತೋಟಗಳ ನಡುವೆ ಒಂದು ಊರು ಉಂಟು, ಹಯ್ಲಾನ್ ಎಂದು. ವರ್ಷದಲ್ಲಿ ಹತ್ತು ತಿಂಗಳು ಅಲ್ಲಿ ಯಾರೂ ಇರುವುದಿಲ್ಲ, ಹಣ್ಣಿನ ಕಾಲಕ್ಕೆ ಮಾತ್ರ ಬಂದು ಹೋಗುತ್ತಾರೆ. ಬಾಗಿಲಿಗೆ ಬೀಗ ಇರುವುದಿಲ್ಲ, ಚಿಲಕ ಮಾತ್ರ. ಹಗಲು ಹನ್ನೊಂದು ಗಂಟೆಗೆ ಆ ಓಣಿಯಲ್ಲಿ ನಡೆದರೆ ಮುಂದಿನ ಓಣಿಯಲ್ಲಿ ಯಾರೋ ನಮ್ಮ ಹೆಜ್ಜೆಗೇ ಹೆಜ್ಜೆ ಹಾಕಿದ ಹಾಗೆ ಕೇಳುತ್ತದೆ. ನಾವು ನಿಂತರೆ ಅವರು ಒಂದು ಹೆಜ್ಜೆ ಹೆಚ್ಚು ಹಾಕಿ ನಿಲ್ಲುತ್ತಾರೆ.

ಒಂದು ಬೆಳಿಗ್ಗೆ ನನಗೆ ಫೋನು. ಹೆಂಗಸಿನ ಸ್ವರ. "ಹಯ್ಲಾನಿಗೆ ಬಾ, ಹಸಿರು ಬಾಗಿಲು, ಅಳತೆ ತೆಗೆಯಬೇಕು." ಹಣ್ಣಿನ ಕಾಲ ಅಲ್ಲವಲ್ಲ ಎಂದು ಯೋಚಿಸಿದೆ. ಆದರೆ ಗಂಡನೊಡನೆ ಜಗಳಾಡಿ ಬಂದು ಕೂತವಳು ಯಾರಾದರೂ ಇರಬಹುದು, ಅಂಥವಳನ್ನು ನೋಡದೆ ಬಿಡುವುದು ಹೇಗೆ? ಅಳಿಯನಿಗೆ ಆ ಊರಿನ ಹೆಸರಿಗೆ ಸಾಕ್ಷಿ ಸಿಕ್ಕಿರಲಿಲ್ಲ. ಅವನೇ ಓಣಿಯ ಬಾಯಿಯವರೆಗೆ ಬಿಟ್ಟ.

ಒಳಗೆ ಮಬ್ಬು ಬೆಳಕು. ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದಳು, ತಿರುಗಲಿಲ್ಲ. ಮೈ ಮಣ್ಣಿನ ಹೂಜಿಯ ಹಾಗೆ ತಣ್ಣಗೆ. ನಾನು ಭುಜ ಅಳೆದೆ, ಕೈ ಅಳೆದೆ, ಸೊಂಟಕ್ಕೆ ಟೇಪು ಸುತ್ತಿದೆ. ಅವಳು ಒಂದು ಮಾತೂ ಆಡಲಿಲ್ಲ. ಸೊಂಟಕ್ಕೆ ಟೇಪು ಸುತ್ತಿದ ಮೇಲೂ ಸುಮ್ಮನಿದ್ದ ಹೆಂಗಸನ್ನು ಮೂವತ್ತು ವರ್ಷದಲ್ಲಿ ನಾನು ಮೊದಲ ಸಲ ನೋಡಿದ್ದು. ಹೆದರಿಕೆ ಆದದ್ದು ಆಗಲೇ.

"ಈ ಊರಿನ ಹೆಸರಿಗೆ ಅರ್ಥ ಏನು?" ಎಂದು ಕೇಳಿದೆ, ಏನಾದರೂ ಮಾತು ಬರಲಿ ಎಂದು.

"ಕಾಯುವವರು," ಎಂದಳು. ಅಷ್ಟೇ.

ಉಡುಗೆ ಹೊಲಿದಾಯಿತು, ಒಯ್ಯಲು ಯಾರೂ ಬರಲಿಲ್ಲ. ಫೋನು ಮಾಡಿದರೆ ಆ ನಂಬರೇ ಇಲ್ಲ ಎಂದು ಬಂತು. ನಮ್ಮವರಿಗೆ ಯಾಕೋ ಆ ಅಳತೆ ಎಲ್ಲೋ ಕಂಡದ್ದು ಎನಿಸಿ ಹಳೆ ಅಳತೆ ಪುಸ್ತಕ ತೆಗೆದರು. ಎಲ್ಲವೂ ತಾಳೆಯಾಯಿತು. ಎಡಭುಜ ಸ್ವಲ್ಪ ಇಳಿದದ್ದು ಎಂದು ಬದಿಯಲ್ಲಿ ಬರೆದದ್ದೂ ತಾಳೆಯಾಯಿತು. ಅದು ಹಯ್ಲಾನಿನ ಒಬ್ಬ ಮುದುಕಿಯ ಅಳತೆ. ಆ ಮುದುಕಿ ತೀರಿಹೋಗಿ ಹತ್ತು ವರ್ಷದ ಮೇಲಾಗಿತ್ತು.

ನನಗೆ ಎರಡು ದಿನ ಜ್ವರ. ಅಳಿಯ ಮಾತ್ರ ಏನೂ ಅರಿಯದೆ ಪಟ್ಟಿಯಲ್ಲಿ "ಸಾಕ್ಷಿ: ಹಸಿರು ಬಾಗಿಲಿನ ಮನೆಯ ಹೆಂಗಸು" ಎಂದು ಬರೆದು ಕಳಿಸಿಬಿಟ್ಟಿದ್ದ. ಆಫೀಸಿನಿಂದ ಉತ್ತರ ಬಂತು: ಸಾಕ್ಷಿಯ ಗುರುತಿನ ಚೀಟಿಯ ನಂಬರು ಕೊಡಿ. ಎಲ್ಲಿಂದ ಕೊಡುವುದು? ಒಂದು ವಾರ ಬಿಟ್ಟು ಇನ್ನೊಂದು ಕಾಗದ. ಸಾಕ್ಷಿ ಸಿಗದ ಹೆಸರು ಇದೊಂದು, ಇಂಥದ್ದು ಇನ್ನೊಂದು ಸಿಕ್ಕಿದರೆ ಪಟ್ಟಿ ಬರೆದವನಿಗೆ ಎಕ್ಸಿಟ್. ಮಗಳು ಅಳುತ್ತಾ ಕೂತಳು. ಅಳಿಯ ನನ್ನ ಮುಖ ನೋಡಲಿಲ್ಲ.

ನಮ್ಮವರು ಆ ಉಡುಗೆಯನ್ನು ಅಂಗಡಿಯಲ್ಲಿ ನೇತು ಹಾಕಿದರು. "ಅದನ್ನು ತೆಗೆದು ಬಿಸಾಡಿ, ನನಗೆ ಹೆದರಿಕೆ ಆಗ್ತದೆ," ಎಂದೆ.

"ಯಾಕೆ?" ಎಂದರು. "ಬದುಕಿದ್ದವರಿಗೆ ಹೊಲಿದರೆ ತಿಂಗಳೊಳಗೆ ಬಿಗಿ ಆಯ್ತು ಅಂತ ವಾಪಸು ತರ್ತಾರೆ. ಹತ್ತು ವರ್ಷ ಆದರೂ ಅಳತೆ ಬದಲಾಗದ ಗಿರಾಕಿ ಇವಳೊಬ್ಬಳೇ."

೪. ಯಂತಮರಾಯಾ

ಪಟ್ಟಿಯಲ್ಲಿ ಉಳಿದದ್ದು ಒಂದೇ ಹೆಸರು, ಪಡುವಣದ ಕೊಲ್ಲಿಯದ್ದು. ಮೂವತ್ತು ವರ್ಷದಿಂದ ನಾನು ಆ ಹೆಸರು ಕೇಳುತ್ತಿದ್ದೇನೆ. ಇಲ್ಲಿಯವರು ಗಂಟಲಿನಿಂದ ಎಳೆದು "ಯನ್-ತಮ-ರಾಯಾ" ಎನ್ನುತ್ತಾರೆ, ನಾನೂ ಯಾವುದೋ ಅರಬ್ಬಿ ಎಂದು ಬಿಟ್ಟಿದ್ದೆ. ಅಳಿಯ ಅದನ್ನು ಕಾಗದದಲ್ಲಿ ಬರೆದವನು ಬರೆದಲ್ಲಿಗೇ ನಿಂತ. ಮನೆಗೆ ಬಂದು ಬಾಗಿಲು ಹಾಕಿ, "ಮಾಮಿ, ಇದನ್ನೊಮ್ಮೆ ನಮ್ಮ ಊರಿನವರ ಹಾಗೆ ಓದಿ," ಎಂದ.

ಓದಿದೆ. "ಎಂತ ಮಾರಾಯ."

ಹೊಲಿಗೆ ಮಿಷನು ನಿಂತಿತು. ಊಟಕ್ಕೆ ಕರೆದರೂ ನಿಲ್ಲದ ಮಿಷನು ಅದು. ನಮ್ಮವರು ಕನ್ನಡಕ ತೆಗೆದು ಹೇಳಿದರು, "ಅದು ನಾವು ಇಟ್ಟ ಹೆಸರು."

ಅವರು ಬಂದ ಮೊದಲ ವರ್ಷ ಮಲ್ಪೆಯ ಇಬ್ಬರು ಗೆಳೆಯರ ಜೊತೆ ರಜೆಯ ದಿನ ಆ ಕೊಲ್ಲಿಗೆ ಗಾಳ ಹಾಕಲು ಹೋಗುತ್ತಿದ್ದರಂತೆ. ಬೆಳಿಗ್ಗಿನಿಂದ ಸಂಜೆವರೆಗೆ ಕೂತರೂ ಒಂದು ಮೀನೂ ಕಚ್ಚುತ್ತಿರಲಿಲ್ಲ. ಒಬ್ಬ "ಎಂತ ಮಾರಾಯ" ಎನ್ನುವುದು, ಇನ್ನೊಬ್ಬ "ಎಂತ ಇಲ್ಲ ಮಾರಾಯ" ಎನ್ನುವುದು. ದಿನವಿಡೀ ಅಷ್ಟೇ ಮಾತು. ಪಕ್ಕದ ದೋಣಿಯವರು ಕೇಳಿ ಕೇಳಿ ಕೊಲ್ಲಿಗೆ ಅದೇ ಹೆಸರು ಬಿತ್ತು ಎಂದು ನಮ್ಮವರ ವಾದ.

ಅಳಿಯ ತಲೆಗೆ ಕೈ ಇಟ್ಟು ಕೂತ. "ಮಾಮಾ, ಇದು ಹೊರಗೆ ಗೊತ್ತಾದರೆ ನಾನೇ ನಮ್ಮೂರಿನ ಮಾತನ್ನು ಪಟ್ಟಿಗೆ ಸೇರಿಸಿದೆ ಅಂತಾರೆ. ಆಮೇಲೆ ಎಕ್ಸಿಟ್ಟೇ." ಗುಟ್ಟು ಬಿಡಬೇಡಿ ಎಂದು ನಮ್ಮವರಿಗೆ ಹೇಳುವ ಅಗತ್ಯ ಇರಲಿಲ್ಲ, ಅವರು ಯಾರು ಏನು ಕೇಳಿದರೂ ಹೂಂ ಅಷ್ಟೇ ಹೇಳುವವರು. ಅಳಿಯ, ಮಗಳು ಇಬ್ಬರೂ ನನ್ನನ್ನೇ ನೋಡಿದರು.

"ನಾನು ಯಾರ ಹತ್ತಿರ ಹೇಳ್ತೇನೆ?" ಎಂದೆ.

"ಮಾಮಿ, ಯಾರ್ಯಾರ ಹತ್ತಿರ ಹೇಳುದಿಲ್ಲ ಅಂತ ಹೇಳಿ, ಆ ಪಟ್ಟಿ ಬೇಗ ಮುಗಿತದೆ," ಎಂದ ಅಳಿಯ.

ಹನ್ನೆರಡು ದಿನ ಬಾಯಿ ಕಟ್ಟಿಕೊಂಡಿದ್ದೆ. ಒಂದು ಮನೆಯಲ್ಲಿ ಟೇಪು ಸುತ್ತುವಾಗ ಅವಳ ಬದಲು ನಾನೇ ಬಾಯಿ ಬಿಡುವುದರಲ್ಲಿದ್ದೆ, ಗುಂಡುಸೂಜಿ ಕಚ್ಚಿಕೊಂಡು ತಡೆದೆ.

ಹದಿಮೂರನೇ ದಿನ ಇನ್‌ಸ್ಪೆಕ್ಟರ್ ಬಂದ. ತೆಳ್ಳಗಿನ ಮನುಷ್ಯ, ಕೈಯಲ್ಲಿ ಟ್ಯಾಬು, ನಗು ಮಾತ್ರ ಜಿದ್ದಾದಲ್ಲೇ ಬಿಟ್ಟು ಬಂದಿದ್ದ. ಎಲ್ಲ ಹೆಸರೂ ನೋಡಿ ಕೊನೆಯದಕ್ಕೆ ಬೆರಳಿಟ್ಟ. "ಮರಾಯಾ ಎಂದರೆ ನಮ್ಮಲ್ಲಿ ಕನ್ನಡಿಗಳು. ಕೊಲ್ಲಿಯ ನೀರು ಕನ್ನಡಿಯ ಹಾಗಿದೆ, ಅದು ಸರಿ. ಅದಕ್ಕೆ ಮೊದಲಿನ ಯಂತ ಎಂದರೆ ಏನು? ಅರಬ್ಬಿಯಲ್ಲಿ ಅಂಥ ಮಾತಿಲ್ಲ. ಯಾರೋ ಹೊರಗಿನವರು ತಂದದ್ದು. ಯಾವಾಗ ತಂದದ್ದು?" ಎಂದು ಅಳಿಯನನ್ನು ನೋಡಿದ. ಅಳಿಯನ ಕುತ್ತಿಗೆಯಿಂದ ಬೆವರು ಕಾಲರಿಗೆ ಇಳಿಯುವುದು ನನಗೆ ಕಂಡಿತು.

ಸಾಕ್ಷಿ ಎಂದು ಉಳಿದಿದ್ದವಳು ದ್ವೀಪದ ಎಲ್ಲರಿಗಿಂತ ಹಿರಿಯ ಅಜ್ಜಿ. ಕಣ್ಣು ಕಾಣಿಸುವುದಿಲ್ಲ, ಹಲ್ಲಿಲ್ಲ, ವಯಸ್ಸು ಅವಳ ಮಕ್ಕಳಿಗೂ ಗೊತ್ತಿಲ್ಲ. ಅವಳು ಒಳಗೆ, ನಡುವೆ ಪರದೆ, ಇನ್‌ಸ್ಪೆಕ್ಟರೂ ಅಳಿಯನೂ ಹೊರಗೆ. ಅವಳ ಮಾತು ಹೊರಗಿನವರಿಗೆ ತಿಳಿಯುವುದಿಲ್ಲವಾದ್ದರಿಂದ ನಾನು ಪಕ್ಕದಲ್ಲಿ ಕೂತು ದಾಟಿಸಬೇಕು. ಅವಳು "ಆ ದರ್ಜಿ ಇಟ್ಟ ಹೆಸರು" ಎಂದರೆ ಮುಗಿಯಿತು.

ಅಜ್ಜಿ ತಡವಿ ನನ್ನ ಕೈ ಹಿಡಿದಳು. ಆಮೇಲೆ ಹೇಳಿದಳು.

"ನನ್ನ ಅಜ್ಜ ಹೇಳುತ್ತಿದ್ದ. ಅವನ ಅಜ್ಜನ ಕಾಲದಲ್ಲಿ ಮೂಡಣದಿಂದ ಮರದ ಹಡಗು ಬರುತ್ತಿತ್ತು, ಅಕ್ಕಿ, ಕಾಳುಮೆಣಸು ಹೇರಿಕೊಂಡು. ಒಂದು ವರ್ಷ ಆ ಕೊಲ್ಲಿಯಲ್ಲಿ ಗಾಳಿ ನಿಂತಿತು. ಹಡಗೂ ನಿಂತಿತು. ಅವರು ಒಬ್ಬರನ್ನೊಬ್ಬರು ನೋಡಿ ಆ ಮಾತು ಹೇಳಿದರು. ನೀರು ಮುಗಿಯಿತು, ಆಗಲೂ ಅದನ್ನೇ ಹೇಳಿದರು. ಒಬ್ಬ ಸತ್ತ, ಹೂಳುವಾಗಲೂ ಅದನ್ನೇ ಹೇಳಿದರು. ಏಳು ಜನರನ್ನು ಹೂತರು. ಗಾಳಿ ಬಂದ ದಿನ ಉಳಿದವರು ಹಾಯಿ ಏರಿಸಿ ಅದನ್ನೇ ಹೇಳಿ ಹೋದರು. ಬೇರೆ ಮಾತೇ ಅವರಿಗೆ ಇರಲಿಲ್ಲ. ಅದು ಅವರ ಪ್ರಾರ್ಥನೆ ಇರಬೇಕು ಎಂದು ನಮ್ಮ ದ್ವೀಪದ ಜನ ಕೊಲ್ಲಿಗೆ ಆ ಹೆಸರಿಟ್ಟರು."

ನನ್ನ ಮೈಯ ಕೂದಲೆಲ್ಲ ನಿಂತಿತು. ಅದೇ ಹೊತ್ತಿಗೆ ಹೊಟ್ಟೆಯೊಳಗಿಂದ ನಗುವೂ ಎದ್ದಿತು. ಎರಡೂ ಒಟ್ಟಿಗೆ ಬಂದರೆ ಮನುಷ್ಯರು ಎಂತ ಮಾಡಬೇಕು? ಕೆಮ್ಮಿದೆ. ಅಷ್ಟೂ ಮಾತನ್ನು ಒಂದಕ್ಷರ ಬಿಡದೆ ದಾಟಿಸಿದೆ.

ಇನ್‌ಸ್ಪೆಕ್ಟರ್ ಪರದೆಯ ಆಚೆಯಿಂದ ನನ್ನನ್ನು ಚಿಕ್ಕಮ್ಮನೆಂದು ಕರೆದು ಕೇಳಿದ, "ಖಾಲಾ, ನೀವು ಆ ಕಡೆಯವರು. ಇದು ಪ್ರಾರ್ಥನೆ ಹೌದಾ?"

"ಅದು ನನಗೆ ಗೊತ್ತಿಲ್ಲ," ಎಂದೆ. "ಸಂತೋಷವಾದಾಗಲೂ ಹೇಳುತ್ತೇವೆ, ದುಃಖವಾದಾಗಲೂ ಹೇಳುತ್ತೇವೆ. ಏನೂ ಆಗದಿದ್ದಾಗ ಇನ್ನೂ ಹೆಚ್ಚು ಹೇಳುತ್ತೇವೆ." ಒಂದೂ ಸುಳ್ಳಲ್ಲ.

"ಗೋರಿಗಳನ್ನು ನೋಡಬೇಕು," ಎಂದ ಅವನು. "ಗೋರಿ ಇದ್ದರೆ ಹೆಸರು ಹಳೆಯದು, ಸಹಿ ಹಾಕುತ್ತೇನೆ. ಇಲ್ಲದಿದ್ದರೆ ಇಲ್ಲ."

ಹೋದೆವು. 'ಇನ್ನು ಒಂದು ಶಬ್ದವೂ ಬೇಡ ಮಾಮಿ' ಎಂದು ಅಳಿಯ ಕೈಸನ್ನೆ ಮಾಡಿದ. ನನ್ನ ಮುಖಕ್ಕೆ ಕರಿ ಪರದೆ, ಅವನ ಮುಖಕ್ಕೆ ಬಿಸಿಲಿಗೆಂದು ಸುತ್ತಿದ ರುಮಾಲು. ಇಬ್ಬರದೂ ಕಣ್ಣು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಆ ಕೊಲ್ಲಿಯನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ. ಗಾಳಿ ಸತ್ತಿತ್ತು. ನೀರಿನ ಮೇಲೆ ಒಂದು ಗೆರೆ ಇಲ್ಲ. ಆಕಾಶ ಎಲ್ಲಿ ಮುಗಿಯಿತು, ಸಮುದ್ರ ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ. ಹಕ್ಕಿ ಇಲ್ಲ. ದಡದ ಮೇಲೆ, ಕುರುಚಲು ಗಿಡಗಳ ಹಿಂದೆ, ತಲೆಯ ಕಡೆಗೆ ಒಂದೊಂದು ಹವಳದ ಕಲ್ಲು ನೆಟ್ಟ ಗೋರಿಗಳು. ಇನ್‌ಸ್ಪೆಕ್ಟರ್ ಏಳು ಎಂದು ಎಣಿಸಿ ಬರೆದುಕೊಂಡ. ಅಳಿಯ ಎಂಟು ಎಣಿಸಿದನಂತೆ, ಆಮೇಲೆ ಹೇಳಿದ. ನಾನು ಎಣಿಸಲಿಲ್ಲ.

ಆ ಮನುಷ್ಯನ ಮುಖ ಮೆತ್ತಗಾಗಿತ್ತು. ಟ್ಯಾಬನ್ನು ಕಂಕುಳಲ್ಲಿ ಇಟ್ಟು, ಎರಡೂ ಕೈ ಎದೆಯ ಮೇಲಿಟ್ಟು, ತಲೆ ತಗ್ಗಿಸಿ, ಗೋರಿಗಳ ಕಡೆಗೆ ಬಹಳ ಭಕ್ತಿಯಿಂದ ಹೇಳಿದ.

"ಯಂತ ಮರಾಯಾ."

ಒಂದು ಉಸಿರಿನಷ್ಟು ಹೊತ್ತು ಸದ್ದಿಲ್ಲ. ಆಮೇಲೆ, ಗಂಟಲು ಒಣಗಿದವರ ಸ್ವರದಲ್ಲಿ, ಬಹಳ ಹತ್ತಿರದಿಂದ,

"ಎಂತ ಇಲ್ಲ ಮಾರಾಯ."

ಅಳಿಯ ತಡೆಯಲಾಗದೆ ಹೇಳಿಬಿಟ್ಟನಲ್ಲ, ಹುಟ್ಟಿದ ಊರಿನ ಅಭ್ಯಾಸ ಎಲ್ಲಿ ಹೋಗುತ್ತದೆ ಎಂದುಕೊಂಡೆ. ಇನ್‌ಸ್ಪೆಕ್ಟರ್ ತಲೆ ಎತ್ತಿದ. "ಇದೇನು, ಇದಕ್ಕೆ ಉತ್ತರವೂ ಉಂಟಾ?"

ಅಳಿಯ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ, ಅವನ ಕಡೆ ತಿರುಗಿದ. "ಉಂಟು ಸಾರ್. ಏನೂ ಆಗಿಲ್ಲ, ಹೆದರಬೇಡ ಎಂದು ಅರ್ಥ."

ಇನ್‌ಸ್ಪೆಕ್ಟರ್ ಅದನ್ನೂ ಬರೆದುಕೊಂಡ. ಬರೆದದ್ದರ ಕೆಳಗೆ ಬೆರಳಿನಿಂದ ಸಹಿ ಹಾಕಿದ. ಈಗ ಆ ಬೋರ್ಡಿನಲ್ಲಿ ಹೆಸರಿನ ಕೆಳಗೆ ಅರಬ್ಬಿಯಲ್ಲಿ, ಇಂಗ್ಲಿಷಿನಲ್ಲಿ ಹೀಗೆ ಉಂಟು: ಮೂಡಣದ ನಾವಿಕರ ಪ್ರಾರ್ಥನೆ. ಅದರ ಕೆಳಗೆ ಉತ್ತರವೂ ಉಂಟು. ಅಳಿಯನ ಇಕಾಮಾ ಆ ತಿಂಗಳೇ ಮುಂದುವರಿಯಿತು. ಮಗಳು ಸಹಿಯಾದ ಸಂಜೆಯೇ ಸಾರಿಗೆ ಉಪ್ಪು ಹೆಚ್ಚಾಯಿತೆಂದು ನನ್ನೊಡನೆ ಜಗಳ ತೆಗೆದಳು, ನನಗೆ ಎಷ್ಟು ಸಮಾಧಾನವಾಯಿತು ಹೇಳಲಾರೆ.

ಇನ್‌ಸ್ಪೆಕ್ಟರನ್ನು ಅಂದು ಹಡಗಿಗೆ ಹತ್ತಿಸಿ ವಾಪಸು ಬರುವಾಗ ಅಳಿಯ ಪಿಕಪ್ಪು ನಿಲ್ಲಿಸಿದ. "ಮಾಮಿ, ಒಂದು ಶಬ್ದವೂ ಬೇಡ ಎಂದಿದ್ದೆನಲ್ಲ. ಯಾಕೆ ಉತ್ತರ ಕೊಟ್ಟಿರಿ?"

"ನಾನಾ?" ಎಂದೆ. "ಕೊಟ್ಟದ್ದು ನೀನಲ್ಲವಾ ಮೋನೆ?"

ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಅವನು ಕನ್ನಡಿಯಲ್ಲೂ ಹಿಂದೆ ನೋಡದೆ ಮನೆವರೆಗೆ ಪಿಕಪ್ಪು ಓಡಿಸಿದ.

ಬಂದವಳೇ ನಮ್ಮವರಿಗೆ ಎಲ್ಲ ಹೇಳಿದೆ. ಹಡಗು, ಗಾಳಿ, ಏಳು ಗೋರಿ, ಆ ಒಣಗಿದ ಸ್ವರ. ಅಳಿಯನೂ ಅಲ್ಲ, ನಾನೂ ಅಲ್ಲ, ನನ್ನ ಬಾಯಿ ಮುಚ್ಚಿಯೇ ಇತ್ತು, ಉತ್ತರ ಕೊಟ್ಟದ್ದು ಗೋರಿಯೊಳಗಿನವರೇ ಎಂದೆ.

ಅವರು ಸೂಜಿಗೆ ದಾರ ಪೋಣಿಸುತ್ತಾ ಕೇಳುತ್ತಿದ್ದರು. ಪೋಣಿಸಿ ಮುಗಿಸಿ, ಮೆಲ್ಲಗೆ ಹೇಳಿದರು, "ಸತ್ತವರು ಬಾಯಿ ಬಿಟ್ಟರು ಅಂದಿಯಲ್ಲ, ಅದನ್ನು ಬೇಕಾದರೆ ನಂಬ್ತೇನೆ. ನೀನು ಬಾಯಿ ಮುಚ್ಚಿದ್ದಿ ಅನ್ನುವುದನ್ನು ನಂಬುದು ಹೇಗೆ?"